ಸೂತ್ರಕ್ರಮ ಮತ್ತು ಪಠ್ಯರೂಪಾಂತರ

ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಕನ್ನಡ ಲಿಪಿಯಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಲ್ಲಿ ಕೊಡವರ ಹಾಡು, ಗಾದೆ ಮತ್ತು ಪದ್ಧತಿಗಳ ವಿವರಣೆ ಒಟ್ಟಿಗೆ ಸೇರಿವೆ. ಇಂಥ ಬಹುರೂಪದ ಗ್ರಂಥವನ್ನು ಗಣಕಕ್ಕೆ ಅಳವಡಿಸಬೇಕಾದರೆ ಪ್ರತಿ ಭಾಗಕ್ಕೂ ‘ಹಾಡು’, ‘ಸಾಲು’, ‘ಗಾದೆ’ ಎಂದು ಗುರುತು ಹಚ್ಚಬೇಕಾಗುತ್ತದೆ. ಹಾಗೆ ಗುರುತಿಸುವ ಕ್ರಮವೇ ಎಕ್ಸ್‌ಎಂಎಲ್. ಗುರುತಿನ ಹೆಸರುಗಳು ಕನ್ನಡದಲ್ಲಿಯೇ ಇರಲು ಅದರಲ್ಲಿ ಅಡ್ಡಿಯಿಲ್ಲ. ಗುರುತಿಸಿದ ಪಠ್ಯವನ್ನು ಅಚ್ಚಿಗೋ ಪರದೆಗೋ ತಕ್ಕಂತೆ ಮಾರ್ಪಡಿಸುವ ಭಾಷೆ ಎಕ್ಸ್‌ಎಸ್‌ಎಲ್‌ಟಿ.

ಈ ಭಾಷೆಯ ಮೂಲಕಲ್ಪನೆ 1996ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಡಿಎಸ್‌ಎಸ್‌ಎಸ್‌ಎಲ್‌ನಲ್ಲಿಯೇ ಇತ್ತು. ಆ ಕೆಲಸದಲ್ಲಿ ತೊಡಗಿದ್ದ ಜೇಮ್ಸ್ ಕ್ಲಾರ್ಕ್ ಅವರೇ ಸಂಪಾದಿಸಿದ ಎಕ್ಸ್‌ಎಸ್‌ಎಲ್‌ಟಿಯ ಮೊದಲ ಆವೃತ್ತಿ 1999ರ ನವೆಂಬರ್ 16ರಂದು ಹೊರಬಂದಿತು. ಇಂಥ ಗುರುತು ಎದುರಾದರೆ ಇಂಥ ರೂಪ ಕೊಡಬೇಕೆಂದು ವಿಧಿಸುವ ‘ಟೆಂಪ್ಲೇಟ್ ನಿಯಮ’ ಅದರ ಜೀವಾಳ. ‘ಇಫ್’, ‘ಚೂಸ್’ ಎಂಬ ಷರತ್ತಿನ ಸಾಧನಗಳೂ ಅದರಲ್ಲಿದ್ದುದರಿಂದ, ಬೇರೆ ಭಾಷೆಗಳಲ್ಲಿ ಪಳಗಿ ಬಂದವರು ಇದು ಹಾಡೇ, ಇದು ಗಾದೆಯೇ ಎಂದು ಒಂದೇ ಕಡೆ ಪರೀಕ್ಷಿಸುತ್ತ ಹೋಗುವ ಉದ್ದನೆಯ ಸರಣಿಯನ್ನು ಬರೆಯುವುದೂ ರೂಢಿಯಾಯಿತು. ಆ ಸರಣಿ ಎಲ್ಲ ಸಂದರ್ಭಗಳನ್ನೂ ಮೊದಲೇ ಊಹಿಸಿರಬೇಕು. ಊಹಿಸದೆ ಬಿಟ್ಟ ಭಾಗಕ್ಕೆ ಕೊನೆಯಲ್ಲಿ ವ್ಯವಸ್ಥೆ ಮಾಡಿರದಿದ್ದರೆ ಅದು ಸದ್ದಿಲ್ಲದೆ ಕಳೆದುಹೋಗುತ್ತದೆ. ನಿಯಮಗಳ ಮಾರ್ಗದಲ್ಲಾದರೋ ಯಾವ ನಿಯಮವೂ ಅನ್ವಯಿಸದ ಅಂಶದ ಅಕ್ಷರಗಳು ಭಾಷೆಯಲ್ಲಿ ಮೊದಲೇ ಅಡಕವಾಗಿರುವ ನಿಯಮದಂತೆ ಹಾಗೆಯೇ ಮುಂದೆ ಸಾಗುತ್ತವೆ. ಬಾಯಿಂದ ಬಾಯಿಗೆ ಬಂದ ಹಾಡಿನ ಒಂದು ಪದವೂ ಕಳೆಯಬಾರದೆಂಬ ಕಾಳಜಿಯುಳ್ಳವರಿಗೆ ಈ ಒಂದು ಗುಣವೇ ಸಾಕು.

ಒಂದೇ ಅಂಶಕ್ಕೆ ಎರಡು ನಿಯಮಗಳು ಹೊಂದಿದಾಗ ಏನು ಗತಿ ಎಂಬ ಪ್ರಶ್ನೆ ಗಣಕಕ್ಕಿಂತ ಬಹಳ ಹಳೆಯದು. ಪಾಣಿನೀಯ ಪರಂಪರೆಯಲ್ಲಿ ಸಾಮಾನ್ಯ ವಿಧಿಗೆ ಉತ್ಸರ್ಗವೆಂದೂ ಅದನ್ನು ಬಾಧಿಸುವ ವಿಶೇಷ ವಿಧಿಗೆ ಅಪವಾದವೆಂದೂ ಹೆಸರು; ಭಟ್ಟಾಕಳಂಕನು 1604ರಲ್ಲಿ 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡಕ್ಕೆ ರಚಿಸಿದ ‘ಕರ್ಣಾಟಕ ಶಬ್ದಾನುಶಾಸನ’ವೂ ಆ ಪರಂಪರೆಗೆ ಸೇರಿದ್ದು. ಎಕ್ಸ್‌ಎಸ್‌ಎಲ್‌ಟಿಯು ಇದೇ ತತ್ತ್ವವನ್ನು ಅಂಕಿಗಳಲ್ಲಿ ಹೇಳುತ್ತದೆ: ‘ಗಾದೆ’ ಎಂಬಷ್ಟಕ್ಕೇ ಹೊಂದುವ ನಿಯಮದ ಆದ್ಯತೆ 0, ‘ಹಾಡಿನೊಳಗಿನ ಗಾದೆ’ಗೆ ಹೊಂದುವ ನಿಯಮದ ಆದ್ಯತೆ 0.5 ಆಗಿರುವುದರಿಂದ ಎರಡನೆಯದೇ ಗೆಲ್ಲುತ್ತದೆ. ಹೊಸ ವಿಶೇಷವೊಂದು ಕಂಡುಬಂದಾಗ ಹಳೆಯ ನಿಯಮಗಳನ್ನು ಮುಟ್ಟದೆ ಇನ್ನೊಂದನ್ನು ಸೇರಿಸಿದರಾಯಿತು. 2007ರ ಎರಡನೆಯ ಆವೃತ್ತಿಯಲ್ಲಿ ಬಂದ ‘ನೆಕ್ಸ್ಟ್ ಮ್ಯಾಚ್’ ಎಂಬ ಸೂಚನೆಯಿಂದ ವಿಶೇಷ ನಿಯಮವು ತನ್ನ ಪಾಲಿನ ಕೆಲಸವನ್ನು ಮಾಡಿ ಉಳಿದುದನ್ನು ಸಾಮಾನ್ಯ ನಿಯಮಕ್ಕೆ ಒಪ್ಪಿಸುವುದೂ ಸಾಧ್ಯವಾಯಿತು. ಷರತ್ತುಗಳಿಗೆ ಉಳಿಯುವ ಕ್ಷೇತ್ರ ಕಿರಿದು: ಪಟ್ಟಿಯ ಕೊನೆಯ ಹೆಸರಿನ ಮುಂದೆ ಅಲ್ಪವಿರಾಮ ಬೇಡವೆನ್ನುವಂಥ ಸಣ್ಣ ತೀರ್ಮಾನಗಳಿಗೆ ಅವು ಇಂದಿಗೂ ತಕ್ಕವೇ ಆಗಿವೆ.