ಒಂದೇ ಮನೆಗೆ ಎರಡು ಹೆಸರು

ಪುಣೆಯ ಕೋಥ್ರೂಡಿನಲ್ಲಿ ನಾವಿರುವ ಬಾಡಿಗೆ ಮನೆ ರೈಲು ಡಬ್ಬಿಯಂತೆ ಉದ್ದಕ್ಕಿದೆ. ಮುಂದೆ ಹಾಲ್, ನಡುವೆ ಅಡುಗೆಮನೆ, ಹಿಂದೆ ಮಲಗುವ ಕೋಣೆ. ಹಾಲ್‌ನಲ್ಲಿದ್ದ ವೈಫೈ ಹಿಂದಿನ ಕೋಣೆಗೆ ಮುಟ್ಟುತ್ತಿರಲಿಲ್ಲ. ಅಟ್ಟದ ಮೇಲೆ ಹಳೆಯ ರೌಟರ್ ಒಂದು ಬಿದ್ದಿತ್ತು. ಅದನ್ನು ಇಳಿಸಿ, ಗೋಡೆಗುಂಟ ಕೇಬಲ್ ಎಳೆದು ಕೋಣೆಯಲ್ಲಿ ಕೂರಿಸಿದೆ. ಒಂದಕ್ಕೆ ‘ಮನೆ ಹಾಲ್’, ಇನ್ನೊಂದಕ್ಕೆ ‘ಮನೆ ರೂಮ್’ ಎಂದು ಹೆಸರಿಟ್ಟೆ. ಯಾವುದು ಎಲ್ಲಿದೆಯೆಂದು ಎಲ್ಲರಿಗೂ ತಿಳಿಯಲಿ ಎಂಬುದು ನನ್ನ ಲೆಕ್ಕ.

ಆ ಲೆಕ್ಕ ತಪ್ಪಿದ್ದು ಅಪ್ಪ ಧಾರವಾಡದಿಂದ ಬಂದಾಗ. ಹಾಸಿಗೆ ಹಿಡಿದಿದ್ದ ಅತ್ತೆಗೆ, ಅಂದರೆ ಅವರ ಅಕ್ಕನಿಗೆ, ಅಪ್ಪ ದಿನಾ ಸಂಜೆ ವಿಡಿಯೊ ಕಾಲ್ ಮಾಡುತ್ತಿದ್ದರು. ಕೂತು ಮಾತಾಡುವ ಅಭ್ಯಾಸ ಅವರಿಗಿಲ್ಲ. ಹಾಲ್‌ನಿಂದ ಕೋಣೆಗೆ, ಕೋಣೆಯಿಂದ ಹಾಲ್‌ಗೆ ನಡೆಯುತ್ತಲೇ ಮಾತು. ಅಡುಗೆಮನೆ ದಾಟುತ್ತಿದ್ದಂತೆ ಅತ್ತೆಯ ಮುಖ ಕಲ್ಲಿನಂತೆ ನಿಂತುಬಿಡುತ್ತಿತ್ತು. ಒಂದು ಸಂಜೆ ಅತ್ತೆ ಏನೋ ನೆನಪು ಮಾಡಿಕೊಂಡು ಹೇಳತೊಡಗಿದ್ದರು, ಕಾಲ್ ಕಟ್ಟಾಯಿತು. ಮತ್ತೆ ಹಚ್ಚುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. “ತಮ್ಮಾ, ಅಕ್ಕ ಏನೋ ಹೇಳಾಕ ಹತ್ತಿದ್ಲು, ಅರ್ಧಕ್ಕ ನಿಂತ್ತು” ಎಂದರು ಅಪ್ಪ. ಅದು ದೂರಲ್ಲ, ಬೇಸರ. ನನಗೆ ಅದೇ ಹೆಚ್ಚು ಚುಚ್ಚಿತು. ತಪ್ಪು ಎಲ್ಲಿದೆಯೆಂದು ಹುಡುಕುತ್ತ ಹೋದವನು ಈ ಹೆಸರಿನ ಇತಿಹಾಸಕ್ಕೇ ಬಂದು ಮುಟ್ಟಿದೆ.

ತಂತಿಯಿಲ್ಲದೆ ಕಂಪ್ಯೂಟರುಗಳನ್ನು ಬೆಸೆಯುವ ದೊಡ್ಡ ಪ್ರಯೋಗ 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಡೆಯಿತು. ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ಕಟ್ಟಿದ ಆ ಜಾಲದ ಹೆಸರು ಅಲೋಹಾನೆಟ್. ದ್ವೀಪ ದ್ವೀಪಗಳ ನಡುವೆ ಕೇಬಲ್ ಎಳೆಯುವ ಬದಲು ರೇಡಿಯೊ ಬಳಸಿದರು. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗವು 2.4 ಗಿಗಾಹರ್ಟ್ಸ್ ಸೇರಿದಂತೆ ಕೆಲವು ತರಂಗಪಟ್ಟಿಗಳನ್ನು ಪರವಾನಗಿ ಇಲ್ಲದ ಇಂಥ ಬಳಕೆಗೆ ತೆರೆಯಿತು. ಅದನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ಅಂಗಡಿಗಳ ಬಿಲ್ಲಿಂಗ್ ಯಂತ್ರ ಮಾಡುವ ಎನ್‌ಸಿಆರ್ ಕಂಪನಿಯೂ ಒಂದು. ಅಂಗಡಿಯ ಕೌಂಟರ್ ಸರಿಸಿದಾಗಲೆಲ್ಲ ಹೊಸದಾಗಿ ವೈರಿಂಗ್ ಮಾಡಿಸುವ ಕಾಟ ತಪ್ಪಬೇಕಿತ್ತು. ಅದರ ನೆದರ್‌ಲೆಂಡ್ಸ್ ಕೇಂದ್ರದ ಎಂಜಿನಿಯರುಗಳು ವೇವ್‌ಲ್ಯಾನ್ ರೂಪಿಸಿದರು. ಅಲ್ಲಿಯ ವಿಕ್ ಹೇಯ್ಸ್ ಐಇಇಇ 802.11 ಸಮಿತಿಗೆ ಹತ್ತು ವರ್ಷ ಅಧ್ಯಕ್ಷರಾಗಿದ್ದರು.

ಆ ಸಮಿತಿಯ ಮೊದಲ ಮಾನಕ ಹೊರಬಂದದ್ದು 1997ರಲ್ಲಿ. ವೇಗ ಸೆಕೆಂಡಿಗೆ ಬರೀ 2 ಮೆಗಾಬಿಟ್. ಆದರೆ ಹೆಸರಿನ ವಿಷಯದಲ್ಲಿ ಅವರ ಯೋಚನೆ ಬಹಳ ಮುಂದಿತ್ತು. ಪ್ರತಿ ಪೆಟ್ಟಿಗೆಗೂ 48 ಬಿಟ್‌ಗಳ ಒಂದು ಸಂಖ್ಯೆ ಇರುತ್ತದೆ. ಅದನ್ನು ಯಂತ್ರಗಳು ಓದಿಕೊಳ್ಳುತ್ತವೆ. ನಮ್ಮ ಕಣ್ಣಿಗೆ ಬೀಳುವ ಎಸ್‌ಎಸ್‌ಐಡಿ ಪೆಟ್ಟಿಗೆಯ ಹೆಸರಲ್ಲ, ಇಡೀ ಜಾಲದ ಹೆಸರು. ಒಂದೇ ಹೆಸರಿನಡಿ ಎಷ್ಟು ಪೆಟ್ಟಿಗೆಗಳಾದರೂ ಇರಬಹುದು. ಗೋದಾಮಿನಲ್ಲಿ ಸ್ಕ್ಯಾನರ್ ಹಿಡಿದು ಓಡಾಡುವ ಕೆಲಸಗಾರ ಒಂದರ ವ್ಯಾಪ್ತಿಯಿಂದ ಇನ್ನೊಂದರ ವ್ಯಾಪ್ತಿಗೆ ಹೋದರೂ ಸಂಪರ್ಕ ಕಡಿಯಬಾರದು ಎನ್ನುವುದು ಇದರ ಹಿಂದಿನ ತಿಳಿವು. ಯಾವಾಗ ದಾಟಬೇಕೆಂದು ನಿರ್ಧರಿಸುವುದು ಮಾತ್ರ ಪೆಟ್ಟಿಗೆಯಲ್ಲ, ಕೈಯಲ್ಲಿರುವ ಸಾಧನ.

ಈ ತಿಳಿವನ್ನು ನಾವು ಮರೆತದ್ದು ವೈಫೈ ಮನೆಗೆ ಬಂದಾಗ. 1999ರಲ್ಲಿ 11 ಮೆಗಾಬಿಟ್‌ನ 802.11ಬಿ ಬಂತು, ಆ್ಯಪಲ್‌ನ ಏರ್‌ಪೋರ್ಟ್ ಬಂತು. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಗೆ ಪರವಾನಗಿ ವಿನಾಯಿತಿಯ ನಿಯಮ ಬಂದದ್ದು 2005ರಲ್ಲಿ. ಮನೆಗೆ ಒಂದೇ ಪೆಟ್ಟಿಗೆ, ಒಂದೇ ಹೆಸರು. ಹಾಗಾಗಿ ಹೆಸರು ಪೆಟ್ಟಿಗೆಯದೇ ಎನಿಸಿತು. 2009ರ 802.11ಎನ್ ಮಾನಕದ ನಂತರ ಎರಡು ಪಟ್ಟಿಗಳ ರೌಟರುಗಳು ಮನೆಮನೆಗೆ ಬಂದವು. ಒಂದೇ ಪೆಟ್ಟಿಗೆಗೆ ಎರಡು ಹೆಸರು, ಒಂದರ ಬಾಲಕ್ಕೆ ‘5ಜಿ’. ಆ ರೂಢಿಯೇ ನನ್ನ ಕೈಯಲ್ಲೂ ಕೆಲಸ ಮಾಡಿತ್ತು.

ಎರಡು ಹೆಸರಿಟ್ಟ ಕೂಡಲೇ ಅಪ್ಪನ ಫೋನಿಗೆ ಅವು ಎರಡು ಬೇರೆ ಊರುಗಳಾದವು. ‘ಮನೆ ಹಾಲ್’ನ ಕೊನೆಯ ಉಸಿರಿನವರೆಗೂ ಅದನ್ನೇ ಹಿಡಿದುಕೊಂಡು, ಪೂರ್ತಿ ಕೈತಪ್ಪಿದ ಮೇಲೆ ಇನ್ನೊಂದನ್ನು ಹುಡುಕುತ್ತಿತ್ತು. ಸಾಲದ್ದಕ್ಕೆ ಕೋಣೆಯ ರೌಟರ್ ತಾನೇ ಬೇರೆ ಐಪಿ ವಿಳಾಸ ಹಂಚುತ್ತಿತ್ತು. ವಿಳಾಸ ಬದಲಾದರೆ ನಡೆಯುತ್ತಿರುವ ಕಾಲ್ ಉಳಿಯುವುದು ಕಷ್ಟ.

ಒಂದು ಭಾನುವಾರ ಎಲ್ಲವನ್ನೂ ಬಿಚ್ಚಿ ಕೂತೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಸುರಕ್ಷತೆ. ಕೋಣೆಯದನ್ನು ಬರೀ ಆ್ಯಕ್ಸೆಸ್ ಪಾಯಿಂಟ್ ಮಾಡಿ, ವಿಳಾಸ ಹಂಚುವ ಕೆಲಸ ಹಾಲ್‌ನದಕ್ಕೇ ಬಿಟ್ಟೆ. ಹೆಸರು ಒಂದೇ ಆದರೂ ಚಾನೆಲ್ ಬೇರೆ ಇರಬೇಕು, ಇಲ್ಲವಾದರೆ ಒಂದರ ಮಾತಿಗೆ ಇನ್ನೊಂದು ಅಡ್ಡ ಬರುತ್ತದೆ. 2.4ರಲ್ಲಿ ಒಂದನ್ನೊಂದು ತಾಗದ ಚಾನೆಲ್‌ಗಳು 1, 6 ಮತ್ತು 11. ಹಾಲ್‌ಗೆ 1, ಕೋಣೆಗೆ 11 ಕೊಟ್ಟೆ. ಅತಿಥಿಗಳಿಗೆ ಮಾತ್ರ ಬೇರೆ ಹೆಸರು. ಅವರನ್ನು ಬೇರೆ ಇಡುವುದೇ ಅಲ್ಲಿಯ ಉದ್ದೇಶವಾದ್ದರಿಂದ ಅದು ಸರಿ.

ಹೆಸರು ಕನ್ನಡದಲ್ಲೇ ಇರಲಿ ಎನಿಸಿತು. ಮಾನಕ ಕೊಡುವ ಜಾಗ 32 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಗುಣಿತದ ಚಿಹ್ನೆಗೂ 3 ಬೈಟ್ ಬೇಕು. ‘ನಮ್ಮ ಮನೆ’ ಎಂದರೆ ನಡುವಿನ ಖಾಲಿ ಜಾಗವೂ ಸೇರಿ 22. ಆರಾಮಾಗಿ ಹಿಡಿಯಿತು.

ಈಗಲೂ ಒಮ್ಮೊಮ್ಮೆ ಫೋನು ಹಟ ಹಿಡಿದು ಹಳೆಯದಕ್ಕೇ ಅಂಟಿಕೊಂಡು ಕೂರುವುದುಂಟು. ಇಂಥ ಹೊತ್ತಿಗೆ ಬೇಗ ದಾಟಲು ನೆರವಾಗುವ 802.11ಆರ್ 2008ರಲ್ಲೇ ಬಂದಿದೆ, ನನ್ನ ಹಳೆಯ ಪೆಟ್ಟಿಗೆಗೆ ಅದು ಗೊತ್ತಿಲ್ಲ. ಆದರೂ ಆ ಸಂಜೆ ಅಪ್ಪ ಅತ್ತೆಯ ಜೊತೆ ಮಾತಾಡುತ್ತ ಅಡುಗೆಮನೆ ದಾಟಿ ಕೋಣೆಗೆ ಹೋದರು, ತಿರುಗಿ ಬಂದರು. ಕಾಲ್ ಕಡಿಯಲಿಲ್ಲ. ಅಂದು ಅರ್ಧಕ್ಕೆ ನಿಂತ ಮಾತು ಏನೆಂದು ಅಪ್ಪ ಕೇಳಿದರು. “ಮರ್ತೇನೋ” ಎಂದು ಅತ್ತೆ ನಕ್ಕರು, ಬೇರೆ ಏನನ್ನೋ ಹೇಳತೊಡಗಿದರು. ಅಪ್ಪ ನಡೆಯುತ್ತಲೇ ಕೇಳಿಸಿಕೊಂಡರು.