ಬಸ್ಸಿನಲ್ಲಿ ಬಂದ ಸೀಡಿ

ಸಂಘದ ಲೆಕ್ಕ ಇಂದು ಕಂಪ್ಯೂಟರಿನಲ್ಲಿದೆ. ಆ ವಿದ್ಯೆ ನಮ್ಮ ಸೀಮೆಗೆ ಬಂದ ದಾರಿಯನ್ನು ಈ ಬೆಳ್ಳಿಹಬ್ಬದಲ್ಲಿ ನೆನೆಯೋಣ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆಯಿತು. ಟೆಲಿಫೋನ್ ತಂತಿಯಲ್ಲೇ ಎಲ್ಲಾ ಬರಬೇಕಿತ್ತು. ಮುಂದೆ 56 ಕೆ ಮೋಡೆಮ್ ಬಂದ ಮೇಲೂ 650 ಎಂಬಿ ಇಳಿಸಲು, ಲೈನು ಕಟ್ಟಾಗದಿದ್ದರೂ, ಸುಮಾರು 27 ಗಂಟೆ ಹಿಡಿಯುತ್ತಿತ್ತು. ಫೋನ್ ಬಿಲ್ಲು ಕಟ್ಟೋರ್ಯಾರು? ಅಷ್ಟೂ ಸರಕು ಒಂದೇ ಸೀಡಿಯಲ್ಲಿ ಹಿಡಿಸುತ್ತಿತ್ತು. ಬೆಂಗಳೂರಿನಲ್ಲಿ ಬಸ್ ಹತ್ತಿದರೆ ಎರಡು-ಮೂರು ಗಂಟೆಗೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು!

1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಸಂಚಿಕೆಯ ಜೊತೆಗೆ ಲಿನಕ್ಸ್ ಸೀಡಿ ಕೊಟ್ಟಿತು. ಪ್ರೋಗ್ರಾಂ ಬರೆಯುವ ಹುಡುಗರಿಗೆ ಅದು ವರವಾಯಿತು. ಉಬುಂಟು ಸೀಡಿ 2011ರವರೆಗೆ ಅಂಚೆಯಲ್ಲಿ ಪುಕ್ಕಟೆ ಬರುತ್ತಿತ್ತು. ಇವನ್ನು ನಕಲು ಮಾಡಿ ಹಂಚಿದರೆ ಕಳ್ಳತನವಲ್ಲ, ಲೈಸೆನ್ಸೇ ಒಪ್ಪಿದೆ. ಒಬ್ಬರ ಮನೆಯ ಬಿತ್ತನೆ ರಾಗಿ ನಾಲ್ಕು ಮನೆಗೆ ಹೋದ ಹಾಗೆ.

ಈಗ ಎಲ್ಲವೂ ಮೊಬೈಲಿಗೇ ಇಳಿಯುತ್ತದೆ. ಆದರೆ ಹೋದ ವರ್ಷ ನೆಟ್ ಕೈಕೊಟ್ಟು ಹಾಲಿನ ಬಟವಾಡೆ ನಿಂತಾಗ ನಿರ್ದೇಶಕರಾದ ನಾವು ನಿಮ್ಮಿಂದ ಬೈಸಿಕೊಂಡೆವು. ಸೀಡಿ ಕೈಲಿದ್ದ ಕಾಲದಲ್ಲಿ ನೆಟ್ಟಿಗೆ ಕಾಯಬೇಕಾಗಿರಲಿಲ್ಲ. ಆದ್ದರಿಂದ ತಂತ್ರಾಂಶದ್ದೊಂದು, ಲೆಕ್ಕದ್ದೊಂದು ಪ್ರತಿ ಸಂಘದ ಬೀರುವಿನಲ್ಲೇ ಇರಲಿ. ಬಿತ್ತನೆ ಬೀಜ ಮನೆಯಲ್ಲಿದ್ದರೆ ಮಳೆ ಬಂದ ದಿನ ಯಾರ ಬಾಗಿಲಿಗೂ ಹೋಗಬೇಕಿಲ್ಲ.