ನೈಸೀಯ ಮಹಾಸಭೆಯೂ ಕ್ರೈಸ್ತ ವಿಶ್ವಾಸದ ತಿರುಳೂ

ಒಂದು ಮತದ ಮೂಲ ನಂಬಿಕೆಗಳನ್ನು ಅರಿಯುವುದಕ್ಕೆ ಎರಡು ಮಾರ್ಗಗಳುಂಟು. ಆ ಮತದವರು ಒಪ್ಪಿಕೊಂಡಿರುವ ತತ್ತ್ವಗಳನ್ನು ಒಂದೊಂದಾಗಿ ಎಣಿಸುತ್ತ ಹೋಗುವುದು ಮೊದಲನೆಯದು. ಆ ತತ್ತ್ವಗಳು ಯಾವ ಪ್ರಶ್ನೆಗೆ ಉತ್ತರವಾಗಿ, ಯಾವ ಕಾಲದಲ್ಲಿ, ಯಾರ ನಡುವೆ ನಡೆದ ವಾದದಿಂದ ರೂಪುಗೊಂಡವು ಎಂಬುದನ್ನು ಪರಿಶೀಲಿಸುವುದು ಎರಡನೆಯದು. ಕ್ರೈಸ್ತಮತದ ವಿಷಯದಲ್ಲಿ ಎರಡನೆಯ ಮಾರ್ಗವೇ ಹೆಚ್ಚು ಫಲಕಾರಿ. ಏಕೆಂದರೆ ಆ ಮತವು ತನ್ನ ನಂಬಿಕೆಯನ್ನೆಲ್ಲ ಒಬ್ಬ ಐತಿಹಾಸಿಕ ವ್ಯಕ್ತಿಯ ಮೇಲೆ ನಿಲ್ಲಿಸಿದೆ, ‘ಏಸುವು ಯಾರು?’ ಎಂಬ ಒಂದೇ ಪ್ರಶ್ನೆಯ ಸುತ್ತ ಅದರ ಸಿದ್ಧಾಂತ ಬೆಳೆದಿದೆ.

ಈ ಪ್ರಶ್ನೆಗೆ ಆಧುನಿಕ ಭಾರತದ ವಿದ್ಯಾವಂತರು ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳನ್ನು ಕೊಡುತ್ತ ಬಂದಿದ್ದಾರೆ. ಏಸುವು ಮಹಾ ನೀತಿಬೋಧಕನೆಂಬುದು ಒಂದು. ರಾಜಾ ರಾಮಮೋಹನ ರಾಯರು ೧೮೨೦ರಲ್ಲಿ ಏಸುವಿನ ಉಪದೇಶಗಳನ್ನು ಆಯ್ದು ಪ್ರಕಟಿಸಿದಾಗ ಪವಾಡಗಳನ್ನೂ ಸಿದ್ಧಾಂತಭಾಗವನ್ನೂ ಕೈಬಿಟ್ಟರು. ಶ್ರೀರಾಮಪುರದ ಮಿಶನರಿ ಜೋಶುವಾ ಮಾರ್ಷ್‌ಮನ್ ಅದನ್ನು ಖಂಡಿಸಿದನು. ಏಸುವು ಅವತಾರಪುರುಷರಲ್ಲೊಬ್ಬನೆಂಬುದು ಮತ್ತೊಂದು. ಶ್ರೀರಾಮಕೃಷ್ಣರ ಪರಂಪರೆಯಲ್ಲಿ ಈ ಭಾವನೆ ಆದರದಿಂದ ನೆಲೆಸಿದೆ. ಎರಡೂ ಗೌರವದಿಂದ ಹುಟ್ಟಿದ ಉತ್ತರಗಳೇ. ಆದರೆ ಕ್ರೈಸ್ತರು ತಮ್ಮ ಆರಾಧನೆಯಲ್ಲಿ ಎದ್ದು ನಿಂತು ಒಪ್ಪಿ ನುಡಿಯುವ ವಿಶ್ವಾಸಪ್ರಮಾಣವು ಇವೆರಡರಲ್ಲಿ ಒಂದನ್ನೂ ಹೇಳುವುದಿಲ್ಲ. ಅದು ಹೇಳುವುದೇನು, ಏಕೆ ಹಾಗೆ ಹೇಳುತ್ತದೆ ಎಂಬುದನ್ನು ತಿಳಿಯಲು ಕ್ರಿ. ಶ. ೩೨೫ರಲ್ಲಿ ನೈಸೀಯ ಪಟ್ಟಣದಲ್ಲಿ ಕೂಡಿದ ಮಹಾಸಭೆಯ ಕಡೆಗೆ ತಿರುಗಬೇಕು. ಆ ಸಭೆ ನಡೆದು ೨೦೨೫ಕ್ಕೆ ೧೭೦೦ ವರ್ಷಗಳು ತುಂಬಿದವು.

೧

ಏಸುವಿನ ಮೊದಲ ಶಿಷ್ಯರು ಯೆಹೂದ್ಯರು. ದೇವರು ಒಬ್ಬನೇ ಎಂಬುದು ಅವರ ನಿತ್ಯಪ್ರಾರ್ಥನೆಯ ಮೊದಲ ಮಾತು. ಸೃಷ್ಟವಾದ ಯಾವುದನ್ನೂ ಪೂಜಿಸಕೂಡದೆಂಬುದು ಅವರ ಧರ್ಮದ ಕಟ್ಟಪ್ಪಣೆ. ಹೀಗಿದ್ದೂ, ರೋಮನ್ ಅಧಿಕಾರಿ ಪೊಂತಿಯ ಪಿಲಾತನ ಕಾಲದಲ್ಲಿ ಶಿಲುಬೆಗೇರಿದ ತಮ್ಮ ಗುರುವು ಮರಣದಿಂದ ಎದ್ದನೆಂದು ಅವರು ಸಾರಿದರು. ಅವನನ್ನು ‘ಕರ್ತ’ನೆಂದು ಕರೆದರು. ಯೆಹೂದ್ಯ ಗ್ರಂಥಗಳ ಗ್ರೀಕ್ ಭಾಷಾಂತರದಲ್ಲಿ ದೇವನಾಮದ ಸ್ಥಾನದಲ್ಲಿ ನಿಲ್ಲುತ್ತಿದ್ದ ಪದವೂ ಇದೇ ಎಂಬುದು ಗಮನಾರ್ಹ.

ಕ್ರೈಸ್ತರಲ್ಲದವರ ಸಾಕ್ಷ್ಯವೂ ಇದೆ. ಬಿಥೀನಿಯ ಪ್ರಾಂತದ ಅಧಿಕಾರಿಯಾಗಿದ್ದ ಪ್ಲಿನಿಯು ಸುಮಾರು ೧೧೨ರಲ್ಲಿ ಚಕ್ರವರ್ತಿ ಟ್ರಾಜನನಿಗೆ ಪತ್ರ ಬರೆದು, ಈ ಜನರು ಗೊತ್ತಾದ ದಿನ ಬೆಳಗಾಗುವ ಮುನ್ನ ಕೂಡಿ ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆಂದು ತಿಳಿಸಿದನು. ನೈಸೀಯ ಪಟ್ಟಣವಿದ್ದುದು ಅದೇ ಬಿಥೀನಿಯದಲ್ಲಿ. ಆದುದರಿಂದ ನಾಲ್ಕನೆಯ ಶತಮಾನದ ಸಭೆಯೊಂದು ಮನುಷ್ಯನೊಬ್ಬನನ್ನು ಹೊಸದಾಗಿ ದೇವರನ್ನಾಗಿ ಮಾಡಿತೆಂಬ ಜನಪ್ರಿಯ ಕಲ್ಪನೆಗೆ ಆಧಾರವಿಲ್ಲ. ಪೂಜೆ ಮೊದಲೇ ಇದ್ದಿತು. ಅದರ ಅರ್ಥವನ್ನು ಹೇಳುವ ಮಾತು ಇನ್ನೂ ಸಿದ್ಧವಾಗಿರಲಿಲ್ಲ. ದೇವರು ಒಬ್ಬನೇ ಆಗಿದ್ದು ಕ್ರಿಸ್ತನೂ ಪೂಜಾರ್ಹನಾದರೆ, ಅವರಿಬ್ಬರ ಸಂಬಂಧವೇನು? ಮೂರು ಶತಮಾನಗಳ ಕಾಲ ಈ ಪ್ರಶ್ನೆಗೆ ಬಗೆಬಗೆಯ ಸಮಾಧಾನಗಳು ಹುಟ್ಟಿದವು. ರೋಮನ್ ಪ್ರಭುತ್ವದ ಹಿಂಸೆ ತಲೆಯ ಮೇಲಿದ್ದಾಗ ಎಲ್ಲರೂ ಒಂದೆಡೆ ಕುಳಿತು ವಾದಿಸುವ ಅವಕಾಶವೂ ಇರಲಿಲ್ಲ. ೩೦೩ರಲ್ಲಿ ಆರಂಭವಾದ ಡಯೊಕ್ಲೀಶಿಯನನ ಹಿಂಸಾಕಾಂಡ ಇವುಗಳಲ್ಲಿ ಅತ್ಯಂತ ಘೋರವಾದುದು. ೩೧೩ರ ಹೊತ್ತಿಗೆ ಅದು ಬಹುಮಟ್ಟಿಗೆ ಕೊನೆಗಂಡಿತು.

೨

ಶಾಂತಿ ಬಂದೊಡನೆ ವಾದ ಮೇಲೆದ್ದಿತು. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಸುಮಾರು ೩೧೮ರಲ್ಲಿ ಏರಿಯಸ್ ಎಂಬ ಗುರುವು ತನ್ನ ಧರ್ಮಾಧ್ಯಕ್ಷ ಅಲೆಕ್ಸಾಂಡರನ ಬೋಧೆಯನ್ನು ಆಕ್ಷೇಪಿಸಿದನು. ಏರಿಯಸನು ನಾಸ್ತಿಕನಲ್ಲ, ಕ್ರಿಸ್ತನನ್ನು ಹಳಿದವನೂ ಅಲ್ಲ. ದೇವರ ಏಕತ್ವವನ್ನು ಕಾಪಾಡಬೇಕೆಂಬುದೇ ಅವನ ಕಾಳಜಿ. ತಂದೆಯೊಬ್ಬನೇ ಅನಾದಿ, ಪುತ್ರನು ಎಲ್ಲ ಸೃಷ್ಟಿಗಿಂತ ಮೊದಲು ಉಂಟಾದವನು, ಎಲ್ಲಕ್ಕಿಂತ ಶ್ರೇಷ್ಠನು, ಅವನ ಮೂಲಕವೇ ಲೋಕ ನಿರ್ಮಿತವಾಯಿತು, ಆದರೂ ಅವನು ತಂದೆಯ ಇಚ್ಛೆಯಿಂದ ಉಂಟಾದವನೇ ಹೊರತು ಅನಾದಿಯಲ್ಲ ಎಂದು ಅವನು ವಾದಿಸಿದನು. ತನ್ನ ಮತವನ್ನು ಪದ್ಯಗಳಲ್ಲಿಯೂ ಹೇಳಿದನು. ನಾವಿಕರಿಗೂ ಗಿರಣಿಯ ಆಳುಗಳಿಗೂ ಪ್ರಯಾಣಿಕರಿಗೂ ಹಾಡುಗಳನ್ನು ಕಟ್ಟಿಕೊಟ್ಟನೆಂದು ಪ್ರಾಚೀನ ಚರಿತ್ರಕಾರರು ಹೇಳುತ್ತಾರೆ.

ಈ ವಾದ ಸರಳ, ತರ್ಕಬದ್ಧ. ಇದಕ್ಕೆ ವಿರೋಧ ಏಕೆ ಅಷ್ಟು ತೀವ್ರವಾಯಿತು? ಉತ್ತರ ತರ್ಕದಲ್ಲಿಲ್ಲ, ಮುಕ್ತಿಯ ಕಲ್ಪನೆಯಲ್ಲಿದೆ. ಕ್ರೈಸ್ತ ದೃಷ್ಟಿಯಲ್ಲಿ ಮನುಷ್ಯನ ಕೇಡು ಬರಿಯ ಅಜ್ಞಾನವಲ್ಲ. ಅವನು ಪಾಪದಿಂದ ದೇವರಿಂದ ಅಗಲಿ ಮರಣಕ್ಕೆ ವಶನಾಗಿದ್ದಾನೆ. ಅಜ್ಞಾನವೇ ಕೇಡಾಗಿದ್ದರೆ ಒಳ್ಳೆಯ ಗುರುವು ಸಾಕಾಗುತ್ತಿದ್ದನು. ಮರಣವನ್ನು ಗೆಲ್ಲಬೇಕಾದರೆ ಜೀವಕ್ಕೆ ಮೂಲನಾದವನೇ ಬರಬೇಕು. ಹೊಳೆಯಲ್ಲಿ ಮುಳುಗುತ್ತಿರುವವನನ್ನು ಅದೇ ಸೆಳವಿಗೆ ಸಿಕ್ಕಿದ ಮತ್ತೊಬ್ಬನು ದಡಕ್ಕೆ ಎಳೆಯಲಾರನು. ಅಲೆಕ್ಸಾಂಡ್ರಿಯದ ಅಥನೇಸಿಯಸನು ತನ್ನ ಬದುಕಿನುದ್ದಕ್ಕೂ ಬೇರೆ ಬೇರೆ ಮಾತುಗಳಲ್ಲಿ ಸಾಧಿಸಿದುದು ಇದನ್ನೇ: ಕ್ರಿಸ್ತನು ಎಷ್ಟೇ ದೊಡ್ಡವನಾಗಿರಲಿ, ಸೃಷ್ಟನೇ ಆಗಿದ್ದರೆ ಮನುಷ್ಯನು ಇನ್ನೂ ದೇವರನ್ನು ಮುಟ್ಟಿಲ್ಲ, ನಡುವಣ ಕಂದಕ ಹಾಗೆಯೇ ಉಳಿದಿದೆ. ಸೃಷ್ಟನನ್ನು ಪೂಜಿಸಿದರೆ ಅದು ವಿಗ್ರಹಾರಾಧನೆಯೂ ಆಗುತ್ತದೆ.

೩

೩೨೪ರಲ್ಲಿ ಸಮಗ್ರ ಸಾಮ್ರಾಜ್ಯಕ್ಕೆ ಒಡೆಯನಾದ ಕಾನ್‌ಸ್ಟಂಟೈನನಿಗೆ ಈ ಜಗಳ ಅಲ್ಪವಾದುದಾಗಿ ತೋರಿತು. ಸಂಧಿ ಮಾಡಿಸಲು ಕಾರ್ಡೊಬದ ಧರ್ಮಾಧ್ಯಕ್ಷ ಹೋಸಿಯಸನ ಕೈಯಲ್ಲಿ ಪತ್ರ ಕಳುಹಿಸಿದನು; ಅದು ಫಲಿಸದಿರಲು ನೈಸೀಯದಲ್ಲಿ ಮಹಾಸಭೆಯನ್ನು ಕರೆದನು. ಇಂದು ಇಜ್ನಿಕ್ ಎಂಬ ಹೆಸರಿನಿಂದ ತುರ್ಕಿ ದೇಶದಲ್ಲಿರುವ ಈ ಪಟ್ಟಣ ಒಂದು ಸರೋವರದ ದಡದಲ್ಲಿದೆ. ಸಭೆಗೆ ಬಂದವರು ೩೧೮ ಮಂದಿ ಎಂಬುದು ಸಾಂಪ್ರದಾಯಿಕ ಎಣಿಕೆ. ಆದರೆ ಬೈಬಲಿನಲ್ಲಿ ಅಬ್ರಹಾಮನ ಸೇವಕರಿಗೆ ಹೇಳಿರುವ ಸಂಖ್ಯೆಯೂ ಅದೇ ಆಗಿರುವುದರಿಂದ ವಿದ್ವಾಂಸರು ಅದನ್ನು ಅಕ್ಷರಶಃ ಸ್ವೀಕರಿಸುವುದಿಲ್ಲ. ಬಂದವರಲ್ಲಿ ಬಹುಪಾಲು ಪೂರ್ವದೇಶದವರು. ರೋಮಿನ ಧರ್ಮಾಧ್ಯಕ್ಷನು ತಾನು ಬಾರದೆ ಇಬ್ಬರು ಗುರುಗಳನ್ನು ಕಳುಹಿಸಿದನು. ಹಿಂಸಾಕಾಂಡದಲ್ಲಿ ಕಣ್ಣು ಕಳೆದುಕೊಂಡವರೂ ಕೈ ಸುಟ್ಟವರೂ ಅಲ್ಲಿದ್ದರೆಂದು ಪ್ರಾಚೀನ ಚರಿತ್ರಕಾರರು ಬರೆದಿದ್ದಾರೆ. ಪ್ರಭುತ್ವದ ಏಟು ತಿಂದವರು ಈಗ ಪ್ರಭುವಿನ ಅತಿಥಿಗಳಾಗಿ ಕುಳಿತರು. ಈ ವೈಪರೀತ್ಯದಲ್ಲಿ ಮುಂದಿನ ಅನೇಕ ಕಷ್ಟಗಳ ಬೀಜವೂ ಇದ್ದಿತು.

ಬೈಬಲಿನ ಪದಗಳಲ್ಲಿಯೇ ನಿರ್ಣಯವನ್ನು ಬರೆಯಲು ನೋಡಿದಾಗ ಒಂದು ತೊಡಕು ಕಾಣಿಸಿತು. ಪ್ರತಿಯೊಂದು ಪದವನ್ನೂ ಏರಿಯಸನ ಪಕ್ಷದವರು ತಮ್ಮ ಅರ್ಥದಲ್ಲಿ ಒಪ್ಪಿಕೊಳ್ಳಬಹುದಾಗಿದ್ದಿತು. ಆಗ ಬೈಬಲಿನಲ್ಲಿಲ್ಲದ ‘ಹೋಮೂಸಿಯೋಸ್’ ಎಂಬ ಗ್ರೀಕ್ ಪದವನ್ನು ಸೇರಿಸಲಾಯಿತು. ಪುತ್ರನು ತಂದೆಯೊಡನೆ ಏಕಸತ್ತ್ವವುಳ್ಳವನು ಎಂಬುದು ಅದರ ಅಭಿಪ್ರಾಯ. ಇಲ್ಲಿ ‘ಸತ್ತ್ವ’ವೆಂದರೆ ತ್ರಿಗುಣಗಳಲ್ಲೊಂದಲ್ಲ, ಒಂದು ವಸ್ತು ಯಾವುದರಿಂದ ಆ ವಸ್ತುವಾಗಿದೆಯೋ ಆ ಮೂಲಸ್ವರೂಪ. ಪುತ್ರನು ಜನಿತನೇ ಹೊರತು ನಿರ್ಮಿತನಲ್ಲ ಎಂಬ ಭೇದವನ್ನೂ ಸಭೆ ಸ್ಪಷ್ಟಪಡಿಸಿತು. ಬಡಗಿಯು ಮಾಡಿದ ಮಣೆ ಬಡಗಿಗಿಂತ ಬೇರೆ ಜಾತಿಯ ವಸ್ತು. ಅವನ ಮಗನು ಅವನಂತೆಯೇ ಮನುಷ್ಯ. ಆದರೆ ದೇವರಲ್ಲಿ ಈ ಜನನಕ್ಕೆ ಕಾಲವಿಲ್ಲ, ದೇಹಸಂಬಂಧವಿಲ್ಲ. ಸೂರ್ಯನಿರುವಾಗಲೆಲ್ಲ ಬೆಳಕೂ ಇರುವಂತೆ ಅದು ನಿತ್ಯವಾದುದು. ಲಿಬಿಯದ ಇಬ್ಬರು ಧರ್ಮಾಧ್ಯಕ್ಷರು ಸಹಿ ಹಾಕಲೊಪ್ಪದೆ ಏರಿಯಸನೊಡನೆ ದೇಶಭ್ರಷ್ಟರಾದರು. ಈಸ್ಟರ್ ಹಬ್ಬದ ದಿನದ ಪ್ರಶ್ನೆಯನ್ನೂ ಸಭೆ ನಿರ್ಣಯಿಸಿತು; ೨೦ ಶಿಸ್ತಿನ ಕಟ್ಟಳೆಗಳನ್ನು ಹೊರಡಿಸಿತು. ಬೈಬಲಿನಲ್ಲಿ ಯಾವ ಪುಸ್ತಕಗಳಿರಬೇಕೆಂಬುದನ್ನು ಇಲ್ಲಿ ಗೊತ್ತುಮಾಡಿದರೆಂಬ ಮಾತು ನಿಜವಲ್ಲ. ಹೊಸ ಒಡಂಬಡಿಕೆಯ ೨೭ ಪುಸ್ತಕಗಳ ಪಟ್ಟಿ ಅಥನೇಸಿಯಸನ ೩೬೭ರ ಪತ್ರದಲ್ಲಿ ದೊರೆಯುತ್ತದೆ.

೪

ಚಕ್ರವರ್ತಿಯ ಸಮ್ಮುಖದಲ್ಲಿ ಸಹಿ ಬಿದ್ದೊಡನೆ ನಂಬಿಕೆ ಸ್ಥಿರವಾಯಿತೆಂದು ಭಾವಿಸಿದರೆ ತಪ್ಪಾಗುತ್ತದೆ. ಕೆಲವೇ ವರ್ಷಗಳಲ್ಲಿ ಗಾಳಿ ತಿರುಗಿತು. ದೇಶಭ್ರಷ್ಟರಾದವರನ್ನು ಕಾನ್‌ಸ್ಟಂಟೈನನೇ ಮರಳಿ ಕರೆಸಿದನು. ೩೩೭ರಲ್ಲಿ ಮರಣಶಯ್ಯೆಯಲ್ಲಿ ಅವನಿಗೆ ದೀಕ್ಷಾಸ್ನಾನ ಕೊಟ್ಟವನು ಏರಿಯಸನ ಹಳೆಯ ಬೆಂಬಲಿಗನಾದ ನಿಕೊಮೀಡಿಯದ ಯೂಸೀಬಿಯಸ್. ಅವನ ಮಗ ಕಾನ್‌ಸ್ಟಂಶಿಯಸನು ನೈಸೀಯದ ಪದವನ್ನೇ ಅಳಿಸಲು ಅಧಿಕಾರವನ್ನು ಬಳಸಿದನು. ೩೨೮ರಲ್ಲಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷನಾದ ಅಥನೇಸಿಯಸನು ತನ್ನ ೪೫ ವರ್ಷಗಳ ಅಧಿಕಾರಾವಧಿಯಲ್ಲಿ ಐದು ಬಾರಿ ಗಡೀಪಾರಾಗಿ, ಸುಮಾರು ೧೭ ವರ್ಷಗಳನ್ನು ಊರ ಹೊರಗೆ ಕಳೆದನು. ಕೆಲಕಾಲ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳ ನಡುವೆ ಅಡಗಿದ್ದನು. ನೈಸೀಯದ ನಂಬಿಕೆ ಕೇವಲ ರಾಜಾಜ್ಞೆಯ ಕೂಸಾಗಿದ್ದರೆ ಈ ಕಾಲದಲ್ಲಿಯೇ ಅಳಿದುಹೋಗಬೇಕಾಗಿದ್ದಿತು.

ನಡುವೆ ನಿಂತ ಕೆಲವರು ‘ಹೋಮಿಯೂಸಿಯೋಸ್’ ಎಂಬ ಪದವನ್ನು ಮುಂದಿಟ್ಟರು, ಏಕಸತ್ತ್ವವಲ್ಲ, ಸದೃಶಸತ್ತ್ವ. ಗ್ರೀಕ್ ಬರಹದಲ್ಲಿ ಎರಡಕ್ಕೂ ಇರುವ ಅಂತರ ಅತ್ಯಂತ ಸಣ್ಣದಾದ ‘ಅಯೋಟ’ ಅಕ್ಷರವೊಂದೇ. ಒಂದಕ್ಷರಕ್ಕಾಗಿ ನಡೆದ ಈ ಕಾದಾಟವನ್ನು ಎಲ್ಲ ಕಾಲದ ಲೌಕಿಕರೂ ಹಾಸ್ಯಮಾಡಿದ್ದಾರೆಂದು ಚರಿತ್ರಕಾರ ಗಿಬ್ಬನ್ ಹೇಳುತ್ತಾನೆ. ಕನ್ನಡನಾಡಿನ ವೇದಾಂತವಾದಗಳನ್ನು ಬಲ್ಲವರು ಅಷ್ಟು ಬೇಗ ನಗಲಾರರು. ಛಾಂದೋಗ್ಯದ ಪ್ರಸಿದ್ಧ ಮಹಾವಾಕ್ಯದಲ್ಲಿ ಒಂದು ಅಕಾರವನ್ನು ಬಿಡಿಸಿ ಓದಿದ ಮಧ್ವಾಚಾರ್ಯರ ಪಾಠದಿಂದ ಜೀವಬ್ರಹ್ಮರ ಐಕ್ಯದ ವಾಕ್ಯವೇ ಭೇದದ ವಾಕ್ಯವಾಗುತ್ತದೆ. ಎರಡು ವಾದಗಳ ವಿಷಯ ಬೇರೆಯಾದರೂ ಅಕ್ಷರದ ಭಾರ ಒಂದೇ.

ಬಿಕ್ಕಟ್ಟನ್ನು ಬಿಡಿಸಿದವರು ಕಪ್ಪದೋಕಿಯದ ಮೂವರು ಚಿಂತಕರು: ಬೆಸಿಲ್, ಅವನ ತಮ್ಮನಾದ ನಿಸ್ಸದ ಗ್ರೆಗರಿ, ಗೆಳೆಯನಾದ ನಜಿಯಾನ್ಜಸ್ಸಿನ ಗ್ರೆಗರಿ. ಸತ್ತ್ವ ಒಂದು, ವ್ಯಕ್ತಿಗಳು ಮೂರು ಎಂದು ಅವರು ಎರಡು ಪದಗಳ ಎಲ್ಲೆಯನ್ನು ಗುರುತಿಸಿಕೊಟ್ಟರು. ಪವಿತ್ರಾತ್ಮನೂ ಪುತ್ರನಷ್ಟೇ ಆರಾಧ್ಯನೆಂದು ಸಾಧಿಸಿದರು. ಸಂಬಂಧದ ವಿಷಯ ಅಂಗಡಿ ಬೀದಿಯ ಮಾತಾಗಿದ್ದಿತೆಂಬುದಕ್ಕೆ ನಿಸ್ಸದ ಗ್ರೆಗರಿಯೇ ಸಾಕ್ಷಿ: ರಾಜಧಾನಿಯಲ್ಲಿ ನಾಣ್ಯ ಬದಲಾಯಿಸುವವರೂ ರೊಟ್ಟಿ ಮಾರುವವರೂ ತಂದೆ ಹೆಚ್ಚೋ ಮಗ ಹೆಚ್ಚೋ ಎಂದು ಚರ್ಚಿಸುತ್ತಿದ್ದರೆಂದು ಅವನು ಬೇಸರದಿಂದ ನುಡಿದಿದ್ದಾನೆ. ೩೮೧ರಲ್ಲಿ ಕಾನ್‌ಸ್ಟಂಟಿನೋಪಲಿನಲ್ಲಿ ಕೂಡಿದ ಸಭೆ ನೈಸೀಯದ ನಿರ್ಣಯವನ್ನು ಎತ್ತಿಹಿಡಿಯಿತು. ಇಂದು ನೈಸೀಯ ವಿಶ್ವಾಸಪ್ರಮಾಣವೆಂಬ ಹೆಸರಿನಿಂದ ಬಳಕೆಯಲ್ಲಿರುವ ವಿಸ್ತೃತ ಪಾಠ ಈ ಎರಡನೆಯ ಸಭೆಗೆ ಸಂಬಂಧಿಸಿದ್ದು.

೫

ಆ ಪ್ರಮಾಣದ ತಿರುಳನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಸರ್ವಶಕ್ತನಾದ ಒಬ್ಬನೇ ದೇವರು ದೃಶ್ಯಾದೃಶ್ಯ ಜಗತ್ತಿಗೆ ಕರ್ತನು. ಆದುದರಿಂದ ಜಡಪ್ರಪಂಚ ಮಿಥ್ಯೆಯಲ್ಲ, ಕೆಟ್ಟದ್ದೂ ಅಲ್ಲ. ಅವನ ನಿತ್ಯಪುತ್ರನು ಮನುಷ್ಯರ ಉದ್ಧಾರಕ್ಕಾಗಿ ಕನ್ಯೆ ಮರಿಯಳಲ್ಲಿ ಮನುಷ್ಯನಾಗಿ ಹುಟ್ಟಿ, ಶಿಲುಬೆಯ ಮೇಲೆ ಸತ್ತು, ಮೂರನೆಯ ದಿನ ಎದ್ದನು. ನ್ಯಾಯತೀರ್ಪಿಗಾಗಿ ಮತ್ತೆ ಬರುವನು. ಪವಿತ್ರಾತ್ಮನು ಜೀವದಾತನು. ಸಭೆ ಒಂದು, ದೀಕ್ಷಾಸ್ನಾನ ಒಂದು. ಸತ್ತವರು ಪುನಃ ಏಳುವರು.

ಅವತಾರದ ಕಲ್ಪನೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ಗೋಚರವಾಗುತ್ತದೆ. ಅವತಾರಗಳು ಧರ್ಮಗ್ಲಾನಿಯಾದಾಗಲೆಲ್ಲ ಆಗುವಂಥವು. ಕ್ರೈಸ್ತರು ಹೇಳುವ ದೇಹಧಾರಣೆ ಒಂದೇ ಬಾರಿ ಆದುದು. ಪ್ರಮಾಣದಲ್ಲಿ ಪಿಲಾತನ ಹೆಸರು ಬಂದಿರುವುದು ಅದಕ್ಕೆ ಕಾಲದ ಮುದ್ರೆಯನ್ನೊತ್ತುವುದಕ್ಕಾಗಿ. ಅಲ್ಲದೆ ಆ ಮನುಷ್ಯತ್ವ ಕಳಚಿಡುವ ವೇಷವಲ್ಲ. ಕ್ರಿಸ್ತನು ಪೂರ್ಣದೇವನೂ ಪೂರ್ಣಮನುಷ್ಯನೂ ಆದ ಒಬ್ಬನೇ ವ್ಯಕ್ತಿ ಎಂದು ೪೫೧ರ ಕಾಲ್ಸಿಡನ್ ಸಭೆ ವಿವರಿಸಿತು. ಕೊನೆಯ ನಿರೀಕ್ಷೆಯೂ ದೇಹದಿಂದ ಬಿಡುಗಡೆಯಲ್ಲ, ದೇಹದ ಪುನರುತ್ಥಾನ. ಪ್ರಮಾಣ ಒಂದಾದರೂ ಒಡಕುಗಳು ತಪ್ಪಲಿಲ್ಲ. ಕಾಲ್ಸಿಡನ್ನಿನ ವಿವರಣೆಯನ್ನು ಕೆಲವು ಪೌರ್ವಾತ್ಯ ಸಭೆಗಳು ಒಪ್ಪಲಿಲ್ಲ. ಪವಿತ್ರಾತ್ಮನು ಪುತ್ರನಿಂದಲೂ ಹೊರಡುತ್ತಾನೆಂದು ಪಾಶ್ಚಾತ್ಯರು ಸೇರಿಸಿದ ಒಂದು ಪದ ರೋಮಿಗೂ ಕಾನ್‌ಸ್ಟಂಟಿನೋಪಲಿಗೂ ಆದ ಬಿರುಕಿನ ಕಾರಣಗಳಲ್ಲೊಂದಾಯಿತು.

ಭಾರತಕ್ಕೆ ಈ ನಂಬಿಕೆ ಯುರೋಪಿನ ಹಡಗುಗಳೊಡನೆಯೇ ಬಂದಿತೆಂಬುದು ಸರಿಯಲ್ಲ. ಪಾರಸಿಕ ಸಾಮ್ರಾಜ್ಯದ ಕ್ರೈಸ್ತಸಭೆ ೪೧೦ರಲ್ಲಿ ಸೆಲ್ಯೂಸಿಯದಲ್ಲಿ ಕೂಡಿ ನೈಸೀಯದ ನಿರ್ಣಯವನ್ನು ಅಂಗೀಕರಿಸಿತು. ಆರನೆಯ ಶತಮಾನದ ಅಲೆಕ್ಸಾಂಡ್ರಿಯದ ವರ್ತಕ ಕಾಸ್ಮಾಸ್, ಮಲೆಯ ಕ್ರೈಸ್ತರನ್ನು ಹೆಸರಿಸಿ, ಕಲ್ಲಿಯಾನದಲ್ಲಿ ಪರ್ಶಿಯದಿಂದ ನೇಮಕವಾದ ಧರ್ಮಾಧ್ಯಕ್ಷನಿದ್ದನೆಂದು ಬರೆದಿದ್ದಾನೆ. ಈ ಕಲ್ಲಿಯಾನ ಮುಂಬಯಿಯ ಬಳಿಯ ಕಲ್ಯಾಣವೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಕನ್ನಡದಲ್ಲಿ ಈ ತತ್ತ್ವಗಳಿಗೆ ಮಾತು ಹುಡುಕುವ ಕೆಲಸ ಮುಂದೆ ಬಳ್ಳಾರಿಯ ಲಂಡನ್ ಮಿಶನ್ನಿನವರಿಗೂ, ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಿಗೂ ಒದಗಿತು. ಯೋಹಾನನ ಸುವಾರ್ತೆಯ ‘ಲೋಗೋಸ್’ ಕನ್ನಡ ಬೈಬಲಿನಲ್ಲಿ ‘ವಾಕ್ಯ’ವಾಯಿತು; ಮಾತು, ವಿವೇಕ ಎಂಬ ಗ್ರೀಕ್ ಪದದ ಎರಡು ಅರ್ಥಗಳಲ್ಲಿ ಒಂದು ಮಾತ್ರ ದಾಟಿ ಬಂದಿತು. ೧೮೯೪ರಲ್ಲಿ ಮಹಾನಿಘಂಟನ್ನು ಪ್ರಕಟಿಸಿದ ಕಿಟ್ಟೆಲರು ಅದಕ್ಕೂ ಮೊದಲು, ೧೮೬೨ರಲ್ಲಿ, ಕ್ರಿಸ್ತನ ಕಥೆಯನ್ನು ದೇಶೀಯ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹೆಣೆದರು. ಹಳೆಯ ಪದಗಳಿಗೆ ಅಂಟಿದ ಹಳೆಯ ಅರ್ಥಗಳನ್ನು ಬಿಡಿಸಿ ಹೊಸ ಅರ್ಥವನ್ನು ತುಂಬುವ ಕಷ್ಟ ನೈಸೀಯದ ಗ್ರೀಕರಿಗೆ ಇದ್ದಂತೆ ಇವರಿಗೂ ಇದ್ದಿತು.

ಒಂದು ನಂಬಿಕೆಯನ್ನು ಒಪ್ಪುವುದು ಬೇರೆ, ಅದನ್ನು ಅದರ ಮಾತಿನಲ್ಲಿಯೇ ಅರಿಯುವುದು ಬೇರೆ. ಏಸುವನ್ನು ಗುರುವೆಂದೋ ಅವತಾರವೆಂದೋ ಗೌರವಿಸುವವರು ತಮ್ಮ ಮನೆಯ ಪೀಠವನ್ನೇ ಅವನಿಗೆ ಕೊಟ್ಟಿದ್ದಾರೆ. ಅದು ಔದಾರ್ಯವೇ ಸರಿ. ಆದರೆ ನೆರೆಮನೆಯವನು ಆ ಪೀಠವನ್ನು ಸ್ವೀಕರಿಸಲು ಏಕೆ ಹಿಂಜರಿಯುತ್ತಾನೆಂಬುದನ್ನು ತಿಳಿಯಬೇಕಾದರೆ, ಅವನ ಪೂರ್ವಿಕರು ಸದೃಶವೆಂಬ ಪದವನ್ನು ತಳ್ಳಿ ಏಕವೆಂಬ ಪದಕ್ಕಾಗಿ ೫೬ ವರ್ಷ ಹೋರಾಡಿದ ಈ ಚರಿತ್ರೆಯನ್ನು ಅರಿಯದೆ ಸಾಗದು.